ಮುಖಪುಟದ ಮೇಲಿನ ಕಣ್ಣು

ಮಹಾನಂದಾ, ಆ ಮನುಷ್ಯ ನಿನ್ನ ಬಗ್ಗೆ ಬರೆದ ನಾಲ್ಕು ಪತ್ರಗಳು ನನ್ನ ಮೇಜಿನ ಖಾನೆಯಲ್ಲಿದ್ದವು. ನೀನು ಕೇಳಿದ ದಿನವೂ ಅಲ್ಲೇ ಇದ್ದವು. ನಾನು ಇಲ್ಲ ಎಂದೆ. ಹೋದ ತಿಂಗಳವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ — ಹೇಳದಿರುವುದೇ ಅಭ್ಯಾಸವಾಗಿಬಿಟ್ಟಿತ್ತು.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಹೇಳಿದ ಸುಳ್ಳು.

ಈಗಿನ ಸಂಭಾಜಿನಗರವನ್ನು ನಾವಿನ್ನೂ ಔರಂಗಾಬಾದ್ ಎನ್ನುತ್ತಿದ್ದೆವು. ಹುಡುಗರ ಕೈಯಲ್ಲಿ ಬಟನ್ ಮೊಬೈಲುಗಳಿದ್ದ ಕಾಲ. ನಾನು ಬೀದರಿನವನು, ಅಪ್ಪನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ನಾಸಿಕ್‌ಗೆ ತಂದಿತ್ತು. ಅಲ್ಲಿ ಒಂದು ಛಾಪಖಾನೆಯ ಮೇಲಿನ ಎರಡು ಕೋಣೆಗಳಿಂದ ರಾಕ್ ಸಂಗೀತದ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಅದರ ಪುಟಗಳನ್ನೂ ಮುಖಪುಟವನ್ನೂ ವಿನ್ಯಾಸ ಮಾಡುವವನು ನಾನು.

ನಮ್ಮ ಓದುಗರೆಂದರೆ ಹಾಸ್ಟೆಲಿನ ಹುಡುಗರು. ಕರಿ ಟೀಶರ್ಟು, ಮನೆಯವರಿಗೆ ಅರ್ಥವಾಗದ ಹಾಡು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಅವರಿಗೇನು ಬೇಕೆಂದು ನನಗೆ ಗೊತ್ತಿತ್ತು — ನಾನೂ ಅಂಥವನೇ. ಅಂದಚಂದ ಬೇಡ, ಸ್ವಲ್ಪ ಹೆದರಿಕೆ ಬೇಕು. ಪತ್ರಿಕೆಯ ಹೆಸರನ್ನು ತಗಡಿನ ಮೇಲೆ ಮೊಳೆಯಿಂದ ಗೀರಿದಂತೆ ಬರೆದಿದ್ದೆ. ಒಳಪುಟಗಳಲ್ಲಿ ಅಕ್ಷರಗಳನ್ನು ಓರೆ ಮಾಡಿ, ಒತ್ತೊತ್ತಾಗಿ ತುಂಬುತ್ತಿದ್ದೆ. ಕಷ್ಟಪಟ್ಟು ಓದಿದವನಿಗೆ ಇದು ತನ್ನೊಬ್ಬನಿಗಾಗಿಯೇ ಬರೆದದ್ದು ಅನ್ನಿಸುತ್ತದೆ. ಹಾಗೆ ಅನ್ನಿಸುವಂತೆ ಮಾಡುವುದೇ ನನ್ನ ಕೆಲಸವಾಗಿತ್ತು, ಅದರಲ್ಲಿ ನಾನು ಜಾಣನಾಗಿದ್ದೆ.

ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗಿಯೊಬ್ಬಳು ಔರಂಗಾಬಾದ್ ಪಕ್ಕದ ವಾಳೂಜ್‌ನಲ್ಲಿದ್ದಾಳೆ, ಕಲಬುರಗಿ ಕಡೆಯವಳು ಎಂದು ಕೇಳಿ ಕ್ಯಾಮೆರಾ ಹಿಡಿದು ಬಂದೆ. ನಿಮ್ಮಪ್ಪ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದರು. ನಿಮ್ಮವ್ವ ಮೊದಲು ಬೇಡವೆಂದವರು, ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, "ನಮ್ಮ ಕಡೀ ಹುಡುಗ ಇದ್ದಾನ, ಕುಂದ್ರಲಿ" ಎಂದು ಚಹಾಕ್ಕಿಟ್ಟರು. ನೀನು ಗಿಟಾರಿನ ತಂತಿ ಸರಿಮಾಡುತ್ತ ಹೇಳಿದೆ:

"ಅಣ್ಣಾ, ಕೈ ಅಷ್ಟೇ ತಗೀರಿ. ಮುಖಾ ಬ್ಯಾಡ್ರಿ. ಅಪ್ಪನ ಕಂಪನಿ ಮಂದಿ ನೋಡ್ತಾರ."

"ಹಾಕಂಗಿಲ್ಲವ್ವಾ. ಮಾತು ಕೊಡ್ತೀನಿ."

ಕೈಗಳ ಚಿತ್ರಗಳನ್ನೇ ತೆಗೆದೆ. ನಿಮ್ಮವ್ವ ಬಾಗಿಲಿಗೆ ಬಂದು ಕರೆದಾಗ ನೀನು ತಲೆಯೆತ್ತಿದೆ — ಆಗ ಒಂದು ಸಲ, ಒಂದೇ ಸಲ, ಗುಂಡಿ ಒತ್ತಿದೆ. ನಿನಗೆ ಗೊತ್ತಾಗಲಿಲ್ಲ.

ಕೈಗಳ ಮುಖಪುಟ ಸಿದ್ಧವಾಯಿತು. ಚೆನ್ನಾಗಿಯೇ ಇತ್ತು. ಆದರೆ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಹೊದಿಸಿಡುತ್ತಾರೆ. ಕಾಣುವುದು ಮೇಲಿನ ನಾಲ್ಕು ಬೆರಳು ಜಾಗ ಮಾತ್ರ. ಕೈಗಳು ಅಲ್ಲಿ ಮುಚ್ಚಿಹೋಗುತ್ತವೆ. ಅಲ್ಲಿ ಕಣ್ಣು ಬೇಕು. ನಿನ್ನ ಮುಖವನ್ನು ಹಣೆಯ ಹತ್ತಿರ ಕತ್ತರಿಸಿ ಕಣ್ಣುಗಳನ್ನು ಮೇಲಕ್ಕೆ ತಂದೆ. ಸುತ್ತ ಮಂಕು ಕಪ್ಪು ಬಳಿದೆ, ಕಣ್ಣುಗಳ ಮೇಲಷ್ಟೇ ಹೊಳಪಿನ ಲೇಪ. ನೀನು ನೋಡುತ್ತಿದ್ದದ್ದು ನಿಮ್ಮವ್ವನನ್ನು. ನಾನು ಕಂಪ್ಯೂಟರಿನಲ್ಲಿ ಕಣ್ಣಾಲಿಗಳನ್ನು ಸರಿಸಿ, ನೋಡುವವನನ್ನೇ ದಿಟ್ಟಿಸುವಂತೆ ಮಾಡಿದೆ. ಕೆಳಗೆ ನೀನು ಎಂದೂ ಆಡದ ಮಾತೊಂದನ್ನು ಇಂಗ್ಲಿಷಿನಲ್ಲಿ ಬರೆದೆ — ನನ್ನನ್ನು ಹುಡುಕು ಎಂದು. ಒಳಪುಟದಲ್ಲಿ ವಾಳೂಜ್, ನಿನ್ನ ಕಾಲೇಜು, ನೀನು ಹಿಡಿಯುವ ಬೆಳಗಿನ ಬಸ್ಸು. ಚಹಾ ಕುಡಿಯುತ್ತ ನೀನು ಹೇಳಿದ್ದೆಲ್ಲ.

ಸಂಪಾದಕ ದೇಶಮುಖರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ತಿಲಾ ವಿಚಾರ್ಲಂಸ ಕಾ?" ಅಂದರು. ಅವಳನ್ನು ಕೇಳಿದೆಯಾ ಎಂದು.

"ಹೋ ಸರ್, ವಿಚಾರ್ಲಂ," ಎಂದೆ. ಕೇಳಿದೆ ಎಂದೆ.

ಸಂಚಿಕೆ ಹೊರಬಂದ ವಾರ ನೀನು ಫೋನ್ ಮಾಡಿದೆ. ಕಾರ್ಖಾನೆಯ ಗೇಟಿನ ಚಹಾದಂಗಡಿಯಲ್ಲಿ ಯಾರೋ ಮುಖಪುಟ ಹರಿದು ಅಂಟಿಸಿದ್ದರಂತೆ. ಅಪ್ಪ ಅದನ್ನು ಉಗುರಿನಿಂದ ಕೆರೆದು ತೆಗೆದರಂತೆ. ಸಂಪಾದಕರು ಹಟ ಹಿಡಿದರು, ನನ್ನ ಕೈ ಮೀರಿತು ಎಂದೆ. "ಇರ್ಲಿ ಬಿಡ್ರಿ ಅಣ್ಣಾ, ನೀವರ ಏನ್ ಮಾಡ್ತೀರಿ," ಎಂದು ನೀನೇ ನನಗೆ ಸಮಾಧಾನ ಹೇಳಿದೆ.

ಅದೇ ತಿಂಗಳು ಆ ಮನುಷ್ಯನ ಮೊದಲ ಪತ್ರ ಬಂತು. ಕಣ್ಣುಗಳ ಹೊಗಳಿಕೆ. ಕಚೇರಿಯಲ್ಲೆಲ್ಲ ಹೆಮ್ಮೆಯಿಂದ ತೋರಿಸಿದೆ. ಎರಡನೆಯದರಲ್ಲಿ, ಕೋಣೆಯ ಯಾವ ಮೂಲೆಯಲ್ಲಿಟ್ಟರೂ ಅವಳು ನನ್ನನ್ನೇ ನೋಡುತ್ತಾಳೆ ಎಂದಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ. ಮೂರನೆಯದು: "ಈಗ ಅವಳ ಬಸ್ಸಿನಲ್ಲೇ ಹೋಗುತ್ತೇನೆ. ಗುರುತಿಲ್ಲದವಳಂತೆ ಮುಖ ತಿರುಗಿಸುತ್ತಾಳೆ. ಹುಡುಕು ಎಂದವಳು ಅವಳೇ ಅಲ್ಲವೇ?"

ಫೋನ್ ಎತ್ತಿಕೊಂಡೆ. ನಿನ್ನ ಮನೆಯ ನಂಬರನ್ನು ಅರ್ಧ ಒತ್ತಿದೆ. ಹೇಳಿದರೆ — ಬಸ್ಸಿನ ವಿವರ ಯಾಕೆ ಅಚ್ಚಾಯಿತೆಂದು ನೀನು ಕೇಳುತ್ತೀಯ, ದೇಶಮುಖರವರೆಗೆ ಹೋಗುತ್ತದೆ, ಅಲ್ಲಿ ನನ್ನ ಸುಳ್ಳು... ಕೆಳಗಿಟ್ಟೆ. ನಾಲ್ಕನೆಯದು ಒಂದೇ ಸಾಲು. ಈ ವಾರ ಕೇಳಿಯೇ ಬಿಡುತ್ತೇನೆ ಎಂದು. ಆ ವಾರದಲ್ಲಿ ಇನ್ನೂ ಐದು ದಿನಗಳಿದ್ದವು. ಐದು ದಿನವೂ ನಾನು ಮುಂದಿನ ಸಂಚಿಕೆಯ ಪುಟ ಕಟ್ಟುತ್ತಿದ್ದೆ.

ಬೆಳಗಿನ ಬಸ್ಸಿನಲ್ಲಿ ಅವನು ನಿನ್ನ ಗಿಟಾರಿನ ಚೀಲ ಹಿಡಿದೆಳೆದ. ಬಿಡಿಸಿಕೊಂಡು ನೀನು ಓಡುತ್ತಿದ್ದ ಬಸ್ಸಿನಿಂದ ಜಿಗಿದೆ. ಎಡಗೈ ಮೇಲೆ ಬಿದ್ದೆ. ಮುರಿದ ಮಣಿಕಟ್ಟು ಕೂಡಿತು, ಎರಡು ಬೆರಳು ಮತ್ತೆ ಮಡಚಲಿಲ್ಲ. ಠಾಣೆಯಲ್ಲಿ ಅವನು ಮುಖಪುಟ ತೋರಿಸಿ, ಕರೆದದ್ದು ಅವಳೇ ಎಂದನಂತೆ. ಮೊದಲೂ ಕಾಡಿದ್ದಕ್ಕೆ ಪುರಾವೆ ಇದೆಯೇ ಎಂದು ಪೊಲೀಸರು ಕೇಳಿದರಂತೆ. ನೀನು ಆಸ್ಪತ್ರೆಯ ಮಂಚದ ಮೇಲಿಂದ, ನಿಮ್ಮಪ್ಪ ಮತ್ತು ಇಬ್ಬರು ನೆರೆಯವರ ಎದುರು, ಸುದ್ದಿ ತಿಳಿದು ನಾಸಿಕ್‌ನಿಂದ ಬಂದಿದ್ದ ನನ್ನನ್ನು ಕೇಳಿದೆ:

"ಅಣ್ಣಾ, ಪತ್ರಿಕಿಗಿ ಅವನ ಪತ್ರ ಏನರ ಬಂದಿದ್ವೇನ್ರಿ?"

"ಇಲ್ಲವ್ವಾ. ಏನೂ ಬಂದಿಲ್ಲ."

ನಾಸಿಕ್‌ಗೆ ಮರಳಿದ ದಿನವೇ ನಾಲ್ಕನ್ನೂ ಹರಿದು ಛಾಪಖಾನೆಯ ರದ್ದಿ ಚೀಲಕ್ಕೆ ಹಾಕಿದೆ. ಎಚ್ಚರಿಕೆ ಕೊಟ್ಟು ಅವನನ್ನು ಬಿಟ್ಟರು. ನೀನು ಆ ವರ್ಷ ಕಾಲೇಜು ಬಿಟ್ಟೆ. ಪತ್ರಿಕೆ ಆಮೇಲೆ ನಿಂತುಹೋಯಿತು. ಈಗ ನಾನು ನಾಸಿಕ್ ಹತ್ತಿರದ ನಿಫಾಡ್‌ನ ದ್ರಾಕ್ಷಿ ಪೆಟ್ಟಿಗೆಗಳ ಮೇಲೆ ಚಿತ್ರ ಬರೆಯುತ್ತೇನೆ.

ಇದೆಲ್ಲವನ್ನೂ ಹೋದ ತಿಂಗಳು ನಿನಗೆ ಪತ್ರದಲ್ಲಿ ಬರೆದೆ. ಆದರೆ ಸುಳ್ಳನ್ನು ನಾಲ್ಕು ಜನರೆದುರು ಹೇಳಿದವನು ನಿಜವನ್ನು ಗುಟ್ಟಾಗಿ ಹೇಳಿ ಮುಗಿಸಲಾಗದು, ಅದಕ್ಕೇ ಅಚ್ಚಿಗೂ ಕೊಡುತ್ತಿದ್ದೇನೆ. ನಿನ್ನ ಹೆಸರನ್ನು ಮಾತ್ರ ಬದಲಿಸಿದ್ದೇನೆ. ನೀನು ಉತ್ತರ ಬರೆಯಲಿಲ್ಲ, ಬರೆಯಬೇಕಿಲ್ಲ. ನಿಮ್ಮವ್ವ ಫೋನ್ ಮಾಡಿದ್ದರು. ಅವರು ಬೈಯಲಿಲ್ಲ.

"ಪತ್ರಿಕಿಯವರೊಳಗ ದವಾಖಾನಿಗಿ ನೀ ಒಬ್ಬನೇ ಓಡಿ ಬಂದಿದ್ದಿ, ತಮ್ಮಾ," ಅಂದರು. "ಇಷ್ಟು ವರ್ಷ ಮಂದಿ ಮುಂದ ಅದನ್ನೇ ಹೇಳ್ಕೋತ ಬಂದೀನಿ."

ಅಷ್ಟೇ ಹೇಳಿ ಫೋನ್ ಇಟ್ಟರು.

ಸೋಮವಾರ ವಾಳೂಜ್‌ಗೆ ಬರುತ್ತಿದ್ದೇನೆ. ಠಾಣೆಯಲ್ಲಿ ಹೇಳಿಕೆ ಬರೆದುಕೊಡುತ್ತೇನೆ. ಈಗ ಅದರಿಂದ ಏನಾಗುತ್ತದೋ ಗೊತ್ತಿಲ್ಲ. ನಿಮ್ಮ ಮನೆಗೆ ಬರುವುದಿಲ್ಲ.