ಅತ್ತೆಯ ಹೆಸರು ಹೇಳಿದ ಸಿಡಿ

ನಮ್ಮ ಅತ್ತೆಯ ಹೆಸರು ಮಾಲ್‌ಸುನ್. ನನಗೆ ಅದು ಗೊತ್ತಾದದ್ದೇ ಮದುವೆಯ ಕಾಗದಪತ್ರ ನೋಡಿದಾಗ. ನಮ್ಮ ಕಡಲೂರು ತೊಂಗ್ಯೊಂಗ್‌ನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮೊದಲು ಸೊಂಗ್ವೂನ ಅಮ್ಮ ಆಗಿದ್ದರು, ಈಗ ನಾರೇಯ ಅಜ್ಜಿ. ಸೊಂಗ್ವೂ ನನ್ನ ಗಂಡ; ನಾರೇ ನನ್ನ ಹದಿನಾಲ್ಕು ತಿಂಗಳ ಮಗಳು. ಅತ್ತೆ ಹುಟ್ಟಿದ್ದು ಎದುರಿನ ದ್ವೀಪದಲ್ಲಿ, ಐದನೆಯ ಹೆಣ್ಣಾಗಿ. ಹೆಣ್ಣು ಇಲ್ಲಿಗೇ ಸಾಕು ಎಂದು ಅವರಪ್ಪ ‘ಕೊನೆಯದು’ ಎಂಬರ್ಥ ಬರುವ ಹೆಸರಿಟ್ಟರಂತೆ. “ಆಮೇಲೂ ಎರಡು ಹೆಣ್ಣೇ ಹುಟ್ಟಿದ್ವು ನೋಡು!” ಎಂದು ಅತ್ತೆ ಇವತ್ತಿಗೂ ಗೆದ್ದವರಂತೆ ನಗುತ್ತಾರೆ.

ಮೂವತ್ತೊಂದು ಚಳಿಗಾಲ ಅವರು ಕಡಲ ಸಿಂಪಿಯ ಚಿಪ್ಪು ಬಿಡಿಸಿದ್ದಾರೆ. ಅವರ ಹೆಬ್ಬೆರಳು ಸಣ್ಣ ಸುತ್ತಿಗೆಯ ಹಾಗಿದೆ. ಎರಡು ವರ್ಷದ ಹಿಂದೆ ಮಂಡಿ ಊದಿ ಮಲಗಿದ್ದಾಗ ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ದೋ ಹಾನ್ ಎಂಬ ಹುಡುಗನನ್ನು ಕಂಡರು. ಹಳೆಯ ಧಾಟಿಯ ಹಾಡು, ಗುಳಿ ಬೀಳುವ ಕೆನ್ನೆ. ಮಂಡಿಯ ಊತ ಇಳಿಯಿತು, ಹುಚ್ಚು ಏರಿತು. ಅವನ ಅಭಿಮಾನಿಗಳ ಬಣ್ಣ ಕುಂಬಳದ ಹಳದಿ. ಈಗ ಅತ್ತೆಯ ಕೋಟು, ಸಾಕ್ಸು, ಪಾತ್ರೆ ತೊಳೆಯುವ ಕೈಗವಸು ಎಲ್ಲವೂ ಕುಂಬಳವೇ.

ಮನೆಯಲ್ಲಿ ಮೂರು ಫೋನುಗಳಲ್ಲಿ ಹಗಲೆಲ್ಲ ಅವನ ಹಾಡು ಸ್ಟ್ರೀಮಿಂಗ್ ಆಗುತ್ತಿರುತ್ತದೆ, ಹೆಚ್ಚು ಸಲ ಓಡಿದಷ್ಟೂ ಹಾಡುಗಳ ಪಟ್ಟಿಯಲ್ಲಿ ಅವನು ಮೇಲೇರಲೆಂದು. ಒಂದು ನನ್ನ ಹಳೆಯ ಫೋನು. ಶಬ್ದ ಪೂರ್ತಿ ಇಳಿಸಿದರೆ ಲೆಕ್ಕಕ್ಕಿಲ್ಲ ಎಂದು ಅಭಿಮಾನಿ ಸಂಘದ ನಿಯಮ. ಹಾಗಾಗಿ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಮೆಲ್ಲಗೆ, ಅಕ್ಕಿ ಡಬ್ಬದ ಪಕ್ಕದಲ್ಲಿ ಅವನು ಹಾಡುತ್ತಲೇ ಇರುತ್ತಾನೆ.

“ಇಷ್ಟು ಸಣ್ಣಗಿದ್ರೆ ಹೇಗೆ ಕೇಳ್ತೀರಮ್ಮಾ?” ಎಂದು ನಾನೊಮ್ಮೆ ಕೇಳಿದ್ದೆ.

“ಇದು ಕೇಳೋಕಲ್ಲ ಕಣೇ, ಡ್ಯೂಟಿ.”

ಹೊಸ ಆಲ್ಬಂ ಬರುವ ಮುಂಚೆ ಅವನು ಅಭಿಮಾನಿಗಳಿಂದ ಪತ್ರ ಕೇಳಿದ್ದ. ಅತ್ತೆ ಹೇಳಿದರು, ಒಂದು ಕೈಯಲ್ಲಿ ಮಗುವಿಗೆ ಗಂಜಿ ತಿನ್ನಿಸುತ್ತ ನಾನು ಬರೆದೆ. ಸಿಂಪಿಯ ವಿಷಯ, ಮಂಡಿಯ ವಿಷಯ, ಕೊನೆಗೆ: ‘ನಲವತ್ತು ವರ್ಷದಿಂದ ನನ್ನನ್ನು ಯಾರೂ ಹೆಸರಿನಿಂದ ಕರೆದಿಲ್ಲ. ನೀನು ಎಲ್ಲಾದರೂ ಒಂದೇ ಒಂದು ಸಲ ಕರೆಯಪ್ಪ.’ ಅದನ್ನು ಬರೆದು ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅತ್ತೆ ಮಾತ್ರ, “ಅಕ್ಷರ ದುಂಡಗೆ ಬರಿ, ಸಿಂಪಿ ವಾಸನೆ ಬರೋ ಥರಾ ಬೇಡ” ಎಂದರು.

ಆಲ್ಬಂ ಬಂತು. ಹನ್ನೊಂದು ತರಿಸಿದರು, ಹತ್ತನ್ನು ಹಂಚಲು. ಒಂದನ್ನು ಬಿಚ್ಚಿ ಒಳಗಿನ ಫೋಟೋಗಳನ್ನು ಪರ್ಸಿಗೆ ಸೇರಿಸಿದರು, ಸಿಡಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟರು. ಹಾಡುಗಳು ಹೇಗೂ ಫೋನಿನಲ್ಲಿದ್ದವಲ್ಲ. ಆ ಸಿಡಿಗೆ ಉಪಯೋಗ ಕಂಡುಹಿಡಿದವರು ಮಾವ ಒಬ್ಬರೇ. ಅಂಟುಪಟ್ಟಿಯಲ್ಲಿ ದಾರ ಅಂಟಿಸಿ, ಹಕ್ಕಿ ಬೆದರಲೆಂದು ಹಿತ್ತಲಿನ ಪರ್ಸಿಮನ್ ಹಣ್ಣಿನ ಮರಕ್ಕೆ ನೇತುಹಾಕಿದರು. ಅತ್ತೆ ಎರಡು ದಿನ ಮಾವನ ಜೊತೆ ಮಾತು ಬಿಟ್ಟರು.

ಮೊನ್ನೆ ಭಾನುವಾರ ಬೆಳಿಗ್ಗೆ ಜೊಮ್ರ್ಯೇ ಓಡಿ ಬಂದರು. ಸಿಂಪಿ ಶೆಡ್ಡಿನಲ್ಲಿ ಅತ್ತೆಯ ಪಕ್ಕದ ಮಣೆ ಅವರದು.

“ನಾರೇ ಅಜ್ಜೀ! ಸಿಡಿಯ ಕೊನೇದು ಹಾಡಲ್ವಂತೆ! ಪತ್ರ ಓದ್ತಾನಂತೆ! ಫೋನಲ್ಲಿ ಅದು ಇಲ್ವೇ ಇಲ್ವಂತೆ! ತೊಂಗ್ಯೊಂಗ್ ಅಂತ ಅಂದನಂತೆ ಕಣೇ!”

ಅತ್ತೆ ಮೂಲಂಗಿಗೆ ಖಾರ ಕಲಸುತ್ತಿದ್ದರು. ಕೈ ಹಾಗೇ ನಿಂತಿತು. “ಹೆಸರು? ಹೆಸರು ಹೇಳಿದನಂತಾ?”

“ಅದನ್ನ ಯಾರೂ ಹೇಳ್ತಿಲ್ಲ. ನೀವೇ ಕೇಳಿ ಅಂತಾರೆ ಪಾಪಿಗಳು.”

ಕೇಳುವುದಾದರೂ ಯಾವುದರಲ್ಲಿ? ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಜೊಮ್ರ್ಯೇ ಮನೆಯಲ್ಲಿ ಸಿಡಿ ಇಪ್ಪತ್ತು, ಯಂತ್ರ ಸೊನ್ನೆ. ನಾನು ಫೋನಿನಲ್ಲೇ ಒಂದು ಸಿಡಿ ಪ್ಲೇಯರಿಗೆ ಆರ್ಡರ್ ಹಾಕಿ, “ನಾಳೆ ಬೆಳಿಗ್ಗೆಗೆ ಬರುತ್ತಮ್ಮಾ” ಎಂದೆ.

“ನಾಳೆಯೊಳಗೆ ಶೆಡ್ಡಿನವರೆಲ್ಲ ನನಗೇ ಬಂದು ಹೇಳ್ತಾರೆ. ನಾನು ನನ್ನ ಕಿವೀಲೇ ಕೇಳ್ಬೇಕು.”

ಬಾಗಿಲಲ್ಲಿ ಮಾವ ಕೆಮ್ಮಿದರು. “ಗಾಡೀಲಿ ಇದೆಯಲ್ಲ.”

ಮಾವನ ಹಳೆಯ ನೀಲಿ ಟ್ರಕ್ಕು! ಇಪ್ಪತ್ತು ವರ್ಷ ಸಿಂಪಿಯ ಚಿಪ್ಪು ಹೊತ್ತ ಗಾಡಿ. ಅದರಲ್ಲೊಂದು ಸಿಡಿ ಪ್ಲೇಯರ್ ಇರುವುದು ಯಾರಿಗೂ ನೆನಪೇ ಇರಲಿಲ್ಲ. ಆದರೆ ಅದು ಮಾರಾಟವಾಗಿತ್ತು. ಹತ್ತು ಗಂಟೆಗೆ ಕೊಂಡವರು ಬರುವವರಿದ್ದರು. ಆಗ ಒಂಬತ್ತೂಕಾಲು.

“ಒಂದು ಹೊಸ ಪ್ಯಾಕೆಟ್ ಬಿಚ್ತೀನಿ” ಎಂದೆ.

“ಹತ್ತರ ಮೇಲೂ ಹೆಸರು ಬರೆದಾಗಿದೆ. ಹರಿದ ಉಡುಗೊರೆ ಯಾರಾದ್ರೂ ಕೊಡ್ತಾರೇನೇ? ಏನ್ರೀ, ಮರ ಹತ್ತಿ!”

ಅರವತ್ತೇಳರ ಮಾವ ಏಣಿ ಹತ್ತಿ ಸಿಡಿ ಇಳಿಸಿಕೊಂಡು ಬಂದರು. ಗಾಳಿಗೆ ಕೊಂಬೆ ತಾಗಿ ತಾಗಿ ಅದರ ಮೈಯೆಲ್ಲ ಗೀರು. ಅತ್ತೆ ದಾರ ಕಿತ್ತು, ಕುಂಬಳದ ಕೋಟಿನ ತೋಳಿಗೆ ಉಜ್ಜಿದರು. ನಾವು ಮೂವರು ಹೆಂಗಸರು ಟ್ರಕ್ಕಿನ ಮುಂದಿನ ಸೀಟಿನಲ್ಲಿ ತುರುಕಿಕೊಂಡೆವು, ನನ್ನ ತೊಡೆಯ ಮೇಲೆ ನಾರೇ. ಮಾವ ಕಿಟಕಿಯಾಚೆ ನಿಂತು ಕೈ ಒಳಚಾಚಿ ಕೀಲಿ ತಿರುಗಿಸಿದರು. ಯಂತ್ರ ಗರಗರ ಎಂದು ಸಿಡಿಯನ್ನು ನುಂಗಿತು.

ಕೊನೆಯ ತುಣುಕು. ದೋ ಹಾನ್‌ನ ದನಿ, ಸಂಗೀತವಿಲ್ಲದೆ, ಪಕ್ಕದಲ್ಲೇ ಕೂತಂತೆ. ಯಾರದೋ ಪತ್ರ, ಇನ್ಯಾರದೋ ಪತ್ರ. ಅತ್ತೆ ನನ್ನ ಮಣಿಕಟ್ಟನ್ನು ಆ ಸುತ್ತಿಗೆಯಂಥ ಬೆರಳಲ್ಲಿ ಹಿಡಿದಿದ್ದರು, ನೋಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

“ತೊಂಗ್ಯೊಂಗ್‌ನಲ್ಲಿ ಸಿಂಪಿ ಬಿಡಿಸೋ ಅಕ್ಕ ಬರೆದಿದ್ದಾರೆ. ನಿಮ್ಮ ಮಂಡಿ ಹೇಗಿದೆ, ಮಾಲ್‌ಸುನ್ ಅಕ್ಕಾ?”

ಅತ್ತೆ ಉಸಿರೆಳೆದುಕೊಂಡರು. ಅಷ್ಟರಲ್ಲಿ ಗೀರಿಗೆ ಸಿಕ್ಕಿ ಸಿಡಿ ಅಲ್ಲೇ ಸುತ್ತತೊಡಗಿತು.

“ಮಾಲ್‌ಸುನ್ ಅಕ್ಕಾ? ಮಾಲ್‌ಸುನ್ ಅಕ್ಕಾ? ಮಾಲ್‌ಸುನ್ ಅಕ್ಕಾ?”

“ಅಯ್ಯೋ, ಬಿಡ್ತಾನೇ ಇಲ್ಲ ಕಣೇ ನಿನ್ನ!” ಎಂದು ಜೊಮ್ರ್ಯೇ ಕಿರುಚಿದರು. ನಾರೇ ಕುಣಿಯತೊಡಗಿದಳು. ಅತ್ತೆ ಅಳುತ್ತಿದ್ದರು, ನಗುತ್ತಿದ್ದರು, ಪ್ರತಿ ಸಲವೂ “ಹ್ಞೂಂ ಕಣಪ್ಪ, ವಾಸಿ, ಹ್ಞೂಂ” ಎಂದು ಉತ್ತರ ಕೊಡುತ್ತಿದ್ದರು. ನನಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು.

ಮಾವ ಸಿಡಿ ಹೊರತೆಗೆಯುವ ಗುಂಡಿ ಒತ್ತಿದರು. ಬರಲಿಲ್ಲ. ಒಣಗಿದ ಅಂಟು ಒಳಗೆ ಹಿಡಿದುಕೊಂಡಿತ್ತು. ಚಿಪ್ಪಿನ ಚಾಕು ತರಲು ಹೊರಟವರು ಒಮ್ಮೆ ಅತ್ತೆಯ ಮುಖ ನೋಡಿದರು, ನಿಂತರು, ಫೋನ್ ತೆಗೆದರು.

“ಹಲೋ, ಟ್ರಕ್ಕಿನ ವಿಷಯ. ತಪ್ಪು ತಿಳೀಬೇಡಿ, ಕೊಡೋಕಾಗಲ್ಲ… ಇಲ್ಲ, ಇಂಜಿನ್ ಚೆನ್ನಾಗಿದೆ. ನನ್ನ ಹೆಂಡ್ತಿ ಮೆಚ್ಚಿದ ಗಂಡಸು ಒಳಗೆ ಸಿಕ್ಕಾಕ್ಕೊಂಡಿದಾನೆ… ಹೌದು, ಗಂಡಸು. ಹೌದು, ನಾನೇ ಗಂಡ.”

ಮಾರನೆಯ ಬೆಳಿಗ್ಗೆ ಪ್ಲೇಯರ್ ಬಂತು. ಆ ಹತ್ತು ಉಡುಗೊರೆಗಳಲ್ಲಿ ನನ್ನ ಹೆಸರಿನದೂ ಒಂದಿರುವುದು ಆಗಷ್ಟೇ ಕಂಡಿತು, ಅದನ್ನೇ ಬಿಚ್ಚಿ ಹಾಕಿದೆ. ದನಿ ಸ್ವಚ್ಛವಾಗಿತ್ತು. ಅತ್ತೆ ಒಮ್ಮೆ ಮರ್ಯಾದೆಗೆ ಕೇಳಿದರು, ಟ್ರಕ್ಕಿನ ಕೀಲಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

“ಯಾಕಮ್ಮಾ, ಇದು ಚೆನ್ನಾಗಿಲ್ವಾ?”

“ಚೆನ್ನಾಗಿದೆ ಕಣೇ. ಆದ್ರೆ ಇದರಲ್ಲಿ ಒಂದೇ ಸಲ ಹೇಳ್ತಾನಲ್ಲ.”