ಹಳೆ ಇಳಕಲ್ ಸೀರೆಯ ಚೌಕಾಸಿ

ನಾನು ಸುರಪುರದವಳು. ಅಂಗಡಿಯವನು ಹೇಳಿದ ಬೆಲೆಯನ್ನೇ ಕೊಟ್ಟು ಯಾರಾದರೂ ಸೀರೆ ತಂದರೆ, ನಮ್ಮ ಮನೆಯಲ್ಲಿ ಸೀರೆ ನೋಡುವ ಮೊದಲು ತಂದವರ ಮುಖ ನೋಡಿ ಪಾಪ ಅನ್ನುತ್ತಿದ್ದರು. ಚೌಕಾಸಿಯನ್ನು ನಾನು ಅವ್ವನ ಪಕ್ಕ ಕೂತು ಕಲಿತೆ. ಸೀರೆ ಮನಸ್ಸಿಗೆ ಬಂದರೆ ಅದನ್ನು ಮುಖದಲ್ಲಿ ತೋರಿಸಬಾರದು. ಮೊದಲು ಹೆಸರಿಡಬೇಕು, ಅಂದರೆ ಕೊಂಕು ತೆಗೆಯಬೇಕು: ಬಣ್ಣ ಬಿಡುವ ಹಾಗಿದೆ, ದಡಿ ಸಣ್ಣದು, ಸೆರಗಿನಲ್ಲಿ ಜೀವವಿಲ್ಲ. ಎಷ್ಟು ಆಸೆಯೋ ಅಷ್ಟು ಹೆಸರು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದರೆ ಅವಳನ್ನೂ ಸಾಕ್ಷಿಗೆ ಎಳೆಯಬೇಕು. ಗುರುತು ಪರಿಚಯ ಇಲ್ಲದಿದ್ದರೂ ಅವಳು ನಮ್ಮ ಪರವಾಗಿಯೇ ಮಾತಾಡುತ್ತಾಳೆ, ಅದು ಬಜಾರಿನ ರಿವಾಜು. ಅಂಗಡಿಯವನಿಗೂ ಇದರಿಂದ ಬೇಸರವಿಲ್ಲ. ಸೀರೆ ಅವನು ನೇಯ್ದದ್ದಲ್ಲ, ಅವನ ಮನೆಯವರು ಉಟ್ಟದ್ದೂ ಅಲ್ಲ.

ಈಗ ನಾನು ಶಹಾಪುರದಲ್ಲಿ ನೌಕರಿ ಮಾಡುತ್ತೇನೆ. ಮಗಳು ಯಾದಗಿರಿಯಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ಹೆಂಗಸರ ಸಂಸ್ಥೆಯೊಂದು ಹಳೆ ಬಟ್ಟೆಯ ಅಂಗಡಿ ತೆರೆದಿದೆ ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಜನ ತಂದುಕೊಟ್ಟದ್ದರಲ್ಲಿ ಒಳ್ಳೆಯದನ್ನಷ್ಟೇ ಆರಿಸಿ, ಒಗೆದು, ಹರಿದದ್ದನ್ನು ಹೊಲಿದು, ಇಸ್ತ್ರಿ ಮಾಡಿ ಮಾರುತ್ತಾರಂತೆ. ಬಂದ ಹಣ ಶಾಲೆ ಬಿಟ್ಟ ಹುಡುಗಿಯರ ಹೊಲಿಗೆ ತರಗತಿಗೆ ಹೋಗುತ್ತದಂತೆ. ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಹಳೆ ಸೀರೆಗೆ ಇರುವುದು ಎರಡೇ ಗತಿ. ಕೌದಿ ಹೊಲಿಯುವುದು, ಇಲ್ಲವೇ ಪಾತ್ರೆ ಮಾರುವವಳಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳುವುದು. ರೊಕ್ಕ ಕೊಟ್ಟು ಇನ್ನೊಬ್ಬರ ಹಳೆ ಸೀರೆ ತರುವುದೆಂದರೆ ನನಗೆ ತಲೆ ಕೆಟ್ಟವರ ಕೆಲಸ ಅನ್ನಿಸಿತ್ತು.

ಆದರೂ ಒಂದು ಭಾನುವಾರ ಹೋದೆ. ಮಗಳ ಕಾಟ ತಡೆಯಲಾಗಲಿಲ್ಲ ಎಂದು ಹೇಳಿಕೊಂಡೆ, ನಿಜಕ್ಕೂ ಕುತೂಹಲ ನನ್ನದೇ. ಬಸ್ಸು ಭೀಮಾ ಸೇತುವೆ ದಾಟುವಾಗಲೇ ಪರಿಚಯದವರು ಯಾರಾದರೂ ನೋಡಿದರೆ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ. ಅಂಗಡಿ ಸ್ಟೇಷನ್ ಕಡೆಯ ಒಂದು ಹಳೆ ಮನೆಯ ಮುಂದಿನ ಕೋಣೆಯಲ್ಲಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಮಗಳ ಜೊತೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಾಲ ಮಾಡಿ ತಲೆಮರೆಸಿಕೊಂಡವಳ ಹಾಗೆ ಒಳಗೆ ನುಗ್ಗಿದೆ. ಮಗಳಿಗೆ ಅದೇ ಮೊದಲ ಅವಮಾನ.

ಒಳಗೆ ನನ್ನ ಲೆಕ್ಕವೆಲ್ಲ ತಪ್ಪಾಯಿತು. ಕಿಟಕಿಯ ಪಕ್ಕ ಒಂದು ಇಳಕಲ್ ಸೀರೆ ನೇತು ಹಾಕಿದ್ದರು. ಕಡುನೀಲಿ ಮೈ, ಕೆಂಪು ದಡಿ, ಕೆಂಪು ಸೆರಗಿನ ಮೇಲೆ ಬಿಳಿ ತೆನೆ. ಉಟ್ಟು ಉಟ್ಟು ಮೆತ್ತಗಾಗಿತ್ತು, ಆದರೂ ಹೊಸದರ ಹೊಳಪು ಹಾಗೇ ಇತ್ತು. ಅಂಥ ಸೀರೆ ನಾನು ಈಚೆಗೆ ಯಾವ ಅಂಗಡಿಯಲ್ಲೂ ನೋಡಿರಲಿಲ್ಲ. ಅದನ್ನು ಬಿಟ್ಟು ಬರಲು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ತಕ್ಷಣ ಮುಖ ಗಂಟು ಹಾಕಿಕೊಂಡೆ.

ಅಂಗಡಿ ನೋಡಿಕೊಳ್ಳುವ ಹೆಂಗಸು ಸೀರೆ ಇಳಿಸಿ ಕಟ್ಟೆಯ ಮೇಲೆ ಹರಡಿದಳು. ಚೀಟಿಯಲ್ಲಿ ಬರೆದದ್ದೇ ಬೆಲೆ, ಇಲ್ಲಿ ಒಂದೇ ರೇಟು, ಹಣ ಹುಡುಗಿಯರ ಕಲಿಕೆಗೆ ಹೋಗುತ್ತದೆ ಎಂದು ಮೊದಲೇ ಹೇಳಿದಳು. ಎಲ್ಲ ಅಂಗಡಿಯವರೂ ಒಂದೇ ರೇಟು ಅಂತಲೇ ಶುರು ಮಾಡುತ್ತಾರೆ. ನಾನು ನನ್ನ ಪಾಠ ಒಪ್ಪಿಸಿದೆ. ನೂಲು ಸತ್ತಿದೆ ಎಂದೆ. ಇನ್ನೆರಡು ಒಗೆತಕ್ಕೆ ಪಾತ್ರೆಯವಳೂ ಮುಟ್ಟುವುದಿಲ್ಲ ಎಂದೆ. ಮಗಳು ಮೊಣಕೈಯಿಂದ ತಿವಿದಳು. ನನಗೆ ಇನ್ನೂ ಹುರುಪು ಬಂತು. ಮಡಿಕೆ ಬಿದ್ದ ಕಡೆ ಬಣ್ಣ ತುಸು ಕಪ್ಪಾಗಿ ಕಾಣುತ್ತಿತ್ತು, ಅಷ್ಟೇ. ಅದನ್ನು ಉಗುರಿನಿಂದ ಕೆರೆದು, ಇಷ್ಟು ದೊಡ್ಡ ಕಲೆ ಇಟ್ಟುಕೊಂಡು ಮಾರುತ್ತೀರಲ್ಲ ಎಂದೆ.

ಗೋಡೆಯ ಹತ್ತಿರ ಬೆಂಚಿನ ಮೇಲೆ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬಳು ಚಹಾ ಕುಡಿಯುತ್ತ ಕೂತಿದ್ದಳು. ಮಡಿಲಲ್ಲಿ ಒಂದು ಕೈಚೀಲ. ನನ್ನ ಹಾಗೇ ಬಂದ ಗಿರಾಕಿ ಎಂದುಕೊಂಡೆ. ರಿವಾಜಿನಂತೆ ಅವಳ ಕಡೆ ತಿರುಗಿ, ಚಿಕ್ಕಮ್ಮನನ್ನು ಕರೆಯುವ ಹಾಗೆ ಖಾಲಾ ಎಂದು ಕರೆದೆ.

"ನೀವ ಹೇಳ್ರಿ ಖಾಲಾ, ಇಂಥಾ ಸೀರಿಗಿ ಯಾರರೆ ಇಷ್ಟು ರೊಕ್ಕಾ ಕೊಡ್ತಾರೇನ್ರಿ?"

ಅವಳು ಕಪ್ಪು ಕೆಳಗಿಟ್ಟಳು. ಸೀರೆಯ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಇಲ್ರಿ," ಅಂದಳು. "ಯಾರೂ ಕೊಡಂಗಿಲ್ಲ."

ಗೆದ್ದೆ ಎಂದುಕೊಂಡು ನಾನು ಅಂಗಡಿಯವಳ ಕಡೆ ಹುಬ್ಬು ಹಾರಿಸಿದೆ. ಅವಳ ಮುಖ ಸಣ್ಣಗಾಗಿತ್ತು. ದನಿ ತಗ್ಗಿಸಿ ಹೇಳಿದಳು, "ಈ ಸೀರಿ ಖಾಲಾಂದೇ ಅದ್ರಿ. ಅವರೇ ಕೊಟ್ಟಾರ."

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವತ್ತು ತಿಳಿಯಿತು. ಖಾಲಾ ಎದ್ದು ಬಂದು ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದು ನಾನು ತೋರಿಸಿದ ಜಾಗವನ್ನು ಹುಡುಕತೊಡಗಿದಳು. ಬೆರಳಿನಿಂದ ಸವರಿದಳು. ಆಮೇಲೆ ಅಂಗಡಿಯವಳಿಗೆ, ತಪ್ಪು ತಿಳಿಯಬೇಡಿ, ಕಲೆ ನನಗೆ ಕಂಡಿರಲಿಲ್ಲ, ಕಂಡಿದ್ದರೆ ಕೊಡುತ್ತಿರಲಿಲ್ಲ ಎಂದು ಹೇಳಿಕೊಂಡಳು. ಅಂಗಡಿಯವಳು ಅವಳನ್ನು ಸಮಾಧಾನ ಮಾಡುತ್ತಲೇ ನನಗೆ ಕೇಳುವ ಹಾಗೆ ವಿಷಯ ಹೇಳಿದಳು. ಇಂಥ ಹಳೆಯದನ್ನು ಯಾರು ಮುಟ್ಟುತ್ತಾರೆ ಎಂದು ಖಾಲಾನ ಮನೆಯವರು ನಕ್ಕಿದ್ದರಂತೆ. ಸಂಸ್ಥೆಯವರು ಆರಿಸಿ ಕಿಟಕಿಯ ಪಕ್ಕ ಹಾಕಿದ ಮೇಲೆ ಖಾಲಾ ಬಜಾರಿಗೆ ಬಂದಾಗಲೆಲ್ಲ ಇಲ್ಲಿಗೆ ಬಂದು ನೋಡಿ ಹೋಗುತ್ತಿದ್ದಳಂತೆ. ಯಾರು ಉಡುತ್ತಾರೆ ಎಂದು ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ.

ನಾನು ಅವಳ ಕೈ ಹಿಡಿದುಕೊಂಡೆ. "ಕಲೆ ಇಲ್ರಿ ಖಾಲಾ. ನಾ ರೇಟ್ ಇಳಸಾಕ ಸುಳ್ಳ ಹೇಳೀನಿ. ಸೀರಿ ಭಾಳ ಛಲೋ ಅದ."

ಅವಳು ನಕ್ಕಳು. ನೊಂದವರನ್ನು ಸಮಾಧಾನ ಮಾಡುವ ನಗೆ. ನೊಂದವಳು ಅವಳು, ಸಮಾಧಾನ ನನಗೆ.

"ಇರ್ಲಿ ಬಿಡು ಬೇಟಿ. ನನಗ ಕೆಟ್ಟ ಅನಸಬಾರ್ದಂತ ಹಂಗ ಅನ್ನಾಕತ್ತಿ."

ಮಗಳು ಸೀರೆಯನ್ನು ಬೆಳಕಿಗೆ ಹಿಡಿದು, ಇಲ್ಲಿ ನೋಡಿ, ಏನೂ ಇಲ್ಲ ಎಂದು ತೋರಿಸಿದಳು. ಖಾಲಾ ಒಪ್ಪಿಕೊಂಡವರ ಹಾಗೆ ತಲೆಯಾಡಿಸಿದಳು, ಆದರೆ ಅವಳ ಬೆರಳು ಮಾತ್ರ ಆ ಜಾಗ ಬಿಡಲಿಲ್ಲ. ಅಷ್ಟು ಜೋರಾಗಿ, ಅಷ್ಟು ಖಾತ್ರಿಯಿಂದ ಹೇಳಿದ ಸುಳ್ಳನ್ನು ಹೀಗೆ ಮೆತ್ತಗೆ ವಾಪಸು ಪಡೆಯಲು ಬರುವುದಿಲ್ಲ. ನಾನು ಚೀಟಿಯಲ್ಲಿದ್ದ ಬೆಲೆಯನ್ನೇ ಎಣಿಸಿ ಕೊಟ್ಟೆ. ಇದೇ ಸೀರೆ ಉಟ್ಟುಕೊಂಡು ಒಂದು ಸಲ ನಿಮ್ಮ ಮನೆಗೆ ಬರುತ್ತೇನೆ ಎಂದೆ. ಬಾ ಎಂದಳು. ಮನೆ ಎಲ್ಲಿ ಎಂದು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಖಾಲಾ ಹೊರಟಾಗ ಅಂಗಡಿಯವಳು, ಇನ್ನೊಂದು ಸೀರೆ ತಂದಿದ್ದೇನೆ ಅಂದಿರಲ್ಲ, ತೋರಿಸಿ ಎಂದಳು. ಖಾಲಾ ಕೈಚೀಲವನ್ನು ಬುರ್ಖಾದೊಳಗೆ ಎಳೆದುಕೊಂಡಳು.

"ಬ್ಯಾಡ್ರಿ. ಇದ್ರಾಗೂ ಕಲೆ ಇದ್ರ? ನನ್ನ ಕಣ್ಣಿಗಿ ಈಗ ಕಾಣಂಗಿಲ್ಲ."

ಮೆಟ್ಟಿಲ ಮೇಲೆ ಕಾಲಿನಿಂದ ತಡವುತ್ತ ಇಳಿದಳು. ಮಗಳು ಓಡಿಹೋಗಿ ಅವಳ ತೋಳು ಹಿಡಿದಳು. ನಾನು ಹೋಗಲಿಲ್ಲ, ಸೀರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.