ಎಲ್ಲ ಬೀಗಕ್ಕೂ ಒಂದೇ ಕೈ

ನನ್ನ ಬಾಡಿಗೆ ಮನೆಯ ಬೀಗದ ಕೈ ನಮ್ಮ ಸೊಸೈಟಿಯ ಗೋಡೌನನ್ನೂ ತೆಗೆಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಬೇಕಾದ ದಿನ, ಹೇಳಬೇಕಾದ ಜನರ ನಡುವೆಯೇ ನಿಂತಿದ್ದೆ — ಕೀ ಜೇಬಿನಲ್ಲಿತ್ತು, ನಾಲಿಗೆ ಬಾಯಲ್ಲಿತ್ತು, ಎರಡನ್ನೂ ಹೊರಗೆ ತೆಗೆಯಲಿಲ್ಲ. ಅದರಿಂದಾಗಿ ದ್ಯಾವಮ್ಮ ಎಂಬ ಹೆಂಗಸು ಕಳ್ಳಿ ಅನ್ನಿಸಿಕೊಂಡಳು.

ತೊಂಬತ್ತರ ದಶಕದ ಮಾತು. ಬಾಳ್ಳುಪೇಟೆಯಲ್ಲಿ ಬೆಳೆಗಾರರದೊಂದು ಸಣ್ಣ ಸೊಸೈಟಿ. ಮುಂದೆ ಆಫೀಸು, ಹಿಂದೆ ಗೋಡೌನು. ನಾನು ಅಲ್ಲಿ ಗುಮಾಸ್ತ. ದ್ಯಾವಮ್ಮ ಕಸ ಗುಡಿಸುವವಳು, ಬಾಗಿಲು ತೆಗೆಯುವವಳು, ಹಾಕುವವಳು. ಬೇರೆ ಆಫೀಸುಗಳಲ್ಲಿ ಕೀ ಮೀಟರ್ ಬಾಕ್ಸಿನೊಳಗೋ ಕಿಟಕಿಯ ಮೇಲೋ ಇರುತ್ತಿತ್ತು, ಊರಿಗೆಲ್ಲ ಗೊತ್ತಿರುತ್ತಿತ್ತು. ನಮ್ಮಲ್ಲಿ ಹಾಗಲ್ಲ — ಗೊಂಚಲು ದ್ಯಾವಮ್ಮನ ಸೊಂಟದಲ್ಲಿ. ಬೆಳಿಗ್ಗೆ ಕೀಯನ್ನು ಕಣ್ಣಿಗೊತ್ತಿಕೊಂಡು ಬಾಗಿಲು ತೆಗೆಯುವಳು. ಸಂಜೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ, ‘ಬತ್ತೀನಪ್ಪ’ ಎಂದು ಆ ಬೀಗಕ್ಕೇ ಹೇಳಿ ಮೆಟ್ಟಿಲಿಳಿಯುವಳು.

ನಾನೋ, ಹುಟ್ಟಾ ಗಾಬರಿಯ ಮನುಷ್ಯ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವವನು. ‘ಬೀಗ ಹಾಕಿದೀನಿ ಅಂತ ಒಂದು ಚೀಟಿ ಬರ್ದು ಜೇಬಲ್ಲಿ ಇಟ್ಕಳ್ರೀ’ ಎಂದು ಹೆಂಡತಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ದ್ಯಾವಮ್ಮ ಬರುವುದು ತಡವಾಯಿತು. ಗೋಡೌನಿನ ಮುಂದೆ ಕಾಯುತ್ತ ನಿಂತವನು, ಸುಮ್ಮನೆ ಹೊತ್ತು ಹೋಗದೆ, ನನ್ನ ಮನೆಯ ಕೀಯನ್ನು ಆ ಬೀಗಕ್ಕೆ ತೂರಿಸಿದೆ. ತಿರುಗಿತು. ಬೀಗ ಬಾಯಿಬಿಟ್ಟಿತು.

ಗಾಬರಿಯಾಗಬೇಕಿತ್ತು. ಆದದ್ದು ಬೆರಗು — ಮಂಜು ಸರಿದು, ಇಷ್ಟು ಹೊತ್ತೂ ಎದುರಿಗೇ ನಿಂತಿದ್ದ ಗುಡ್ಡ ಒಮ್ಮೆಗೇ ಕಂಡಾಗ ಆಗುತ್ತದಲ್ಲ, ಅಂಥದ್ದು. ಬೇಗ ಬೇಗ ಮತ್ತೆ ಹಾಕಿಬಿಟ್ಟೆ. ಆದರೆ ಮಧ್ಯಾಹ್ನ ಊಟದ ಬಿಡುವಿನಲ್ಲಿ, ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಅದೇ ಬೀದಿಯ ಲೈಬ್ರರಿಯ ಹಿಂಬಾಗಿಲಿಗೆ ಹೋಗಿ ತೂರಿಸಿ ನೋಡಿದೆ. ಅದೂ ತೆರೆಯಿತು. ಮಹಿಳಾ ಮಂಡಳಿಯ ಬಾಗಿಲೂ ತೆರೆಯಿತು. ಇಷ್ಟು ವರ್ಷ ಆ ಬೀದಿ ತೆರೆದುಕೊಂಡೇ ನಿಂತಿತ್ತು! ಮುಚ್ಚಿದೆ ಎಂದು ನಾವೆಲ್ಲ ನಂಬಿದ್ದೆವು. ಆ ನಂಬಿಕೆಯೊಂದೇ ಅದನ್ನು ಕಾಯುತ್ತಿತ್ತು.

ಬೀಗಗಳೆಲ್ಲ ಒಂದೇ ಹಾರ್ಡ್‌ವೇರ್ ಅಂಗಡಿಯವು. ಅಂಗಡಿಯ ಶಿವಣ್ಣನನ್ನು ಕೇಳಿದೆ.

‘ಅಗ್ಗದ ಮಾಲು ಮಾರಾಯ. ಒಂದು ಡಬ್ಬೀಲಿ ಬಂದವ್ಕೆಲ್ಲ ಒಂದೇ ಕೀ ಆಯ್ತದೆ ಒಂದೊಂದ್ಸಲ,’ ಎಂದು ನಕ್ಕ. ‘ನಮ್ಮೂರಲ್ಲಿ ಬೀಗ ಕಂಡ್ರೆ ಎಲ್ರೂ ವಾಪಸ್ ಹೋಯ್ತಾರೆ. ತೂರ್ಸಿ ನೋಡ್ದೋನು ನೀನೊಬ್ನೇ ಕಣೋ!’

ನಾನೂ ನಕ್ಕೆ. ಅವತ್ತೇ ಅಧ್ಯಕ್ಷರಿಗೆ ಹೇಳಿ ಬೀಗ ಬದಲಾಯಿಸಬಹುದಿತ್ತು. ‘ನಿಂಗೆ ಹೆಂಗೆ ಗೊತ್ತಾಯ್ತು?’ ಎಂದು ಕೇಳಿದರೆ... ನಾಳೆ ಹೇಳೋಣ ಎಂದುಕೊಂಡೆ. ನಾಲ್ಕು ತಿಂಗಳು ಕಳೆಯಿತು.

ಎರಡು ದಿನದ ರಜೆ ಮುಗಿಸಿ ಬಾಗಿಲು ತೆಗೆದರೆ, ಸದಸ್ಯರು ತಂದಿಟ್ಟಿದ್ದ ಕಾಳುಮೆಣಸಿನಲ್ಲಿ ಮೂರು ಮೂಟೆ ಇರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಯಾರು ಒಯ್ದರೋ, ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ — ನೋಡಿ, ಇಷ್ಟನ್ನು ಬರೆಯಲೇ ಎರಡು ಸಲ ಪೆನ್ನು ಕೆಳಗಿಟ್ಟೆ. ದ್ಯಾವಮ್ಮ ಅದೇ ‘ನಾನಲ್ಲ’ ಎಂಬುದನ್ನು ಊರಿನೆದುರು ಹೇಳಬೇಕಾಯಿತು.

ಸದಸ್ಯರು ಸೇರಿದರು. ಅಧ್ಯಕ್ಷರು ಪಾಳ್ಯದ ಗೌಡರು, ಒಳ್ಳೆಯ ಮನುಷ್ಯ. ಮೆತ್ತಗೇ ಕೇಳಿದರು: ‘ಬೀಗ ಏನಾರ ಲೂಸಾಗಿತ್ತೇನಮ್ಮ? ಆಗಿದ್ರೆ ಹೇಳ್ಬುಡು, ಪರವಾಗಿಲ್ಲ.’

ತಪ್ಪಿಸಿಕೊಳ್ಳಲು ಅವರೇ ದಾರಿ ಕೊಟ್ಟಿದ್ದರು.

‘ಇಲ್ಲ ಗೌಡ್ರೇ. ಬೀಗ ಭದ್ರವಾಗೈತೆ. ಮೂರು ಸಲ ಜಗ್ಗಿ ನೋಡೇ ಹೋಗಿದ್ದು.’

‘ಕೀ ಯಾರ ಕೈಗಾರ ಕೊಟ್ಟಿದ್ಯಾ?’

‘ನನ್ನ ಸೊಂಟ ಬುಟ್ಟು ಎಲ್ಲೂ ಹೋಗಿಲ್ಲ.’

ಒಂದು ಸಣ್ಣ ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದಳು. ಹೇಳಲಿಲ್ಲ. ತಾನು ಕಾಯುತ್ತಿದ್ದ ಬೀಗದ ಮರ್ಯಾದೆ ಕಾಪಾಡಿ, ತನ್ನದನ್ನು ಕಳೆದುಕೊಂಡಳು. ಅಷ್ಟು ನೆಟ್ಟಗೆ ನಿಂತ ಮನುಷ್ಯರನ್ನು ನಾನು ಆಮೇಲೆ ನೋಡಿಲ್ಲ. ಒಂದು ಹೆಜ್ಜೆ ಮುಂದಿಟ್ಟು ನನ್ನ ಕೀಯನ್ನು ಆ ಬೀಗದಲ್ಲಿ ತಿರುಗಿಸಿದ್ದರೆ ಸಾಕಿತ್ತು — ಎಲ್ಲರಿಗೂ ಕಾಣುತ್ತಿತ್ತು. ತಿರುಗಿಸಿದವನನ್ನೇ ಕಳ್ಳ ಎಂದುಬಿಟ್ಟರೆ? ಅವಳ ನಂಬಿಕೆಯನ್ನು ಎಲ್ಲರೆದುರು ಒಡೆಯಬಾರದೆಂದು ಸುಮ್ಮನಿದ್ದೆ ಎಂದು ಆಮೇಲೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದ್ದೆ, ಅಷ್ಟೆ.

ಪೊಲೀಸರವರೆಗೆ ಬೇಡ ಎಂದರು ಗೌಡರು. ಅಂಗಡಿಯ ಹೆಸರು ಕೆಡುತ್ತದೆಂದೋ ಏನೋ, ಶಿವಣ್ಣನೂ ಬಾಯಿಬಿಡಲಿಲ್ಲ. ದ್ಯಾವಮ್ಮ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದಳು. ಅದೇ ವಾರ ತವರೂರು ಹೆಗ್ಗದ್ದೆಗೆ. ‘ಕೆಲಸಕ್ಕೆ ಕರೀರಿ, ಮನೆ ಒಳಿಕ್ಕೆ ಬುಡ್ಬೇಡಿ’ ಎಂಬ ಮಾತು ಅವಳಿಗಿಂತ ಮೊದಲೇ ಆ ಊರು ಮುಟ್ಟಿತ್ತಂತೆ. ಹೊಸ ಬೀಗ ತರಲು ನನ್ನನ್ನೇ ಸಕಲೇಶಪುರಕ್ಕೆ ಕಳಿಸಿದರು. ದಪ್ಪನೆಯದು ತಂದೆ. ಅದಕ್ಕೂ ನನ್ನ ಕೀ ತೂರಿಸಿ ನೋಡಿದೆ, ಹಿಡಿಯಲಿಲ್ಲ. ಆಗ ನನಗೆ ನೆಮ್ಮದಿಯಾಯಿತು — ಅದನ್ನೂ ಬರೆದಿಡುತ್ತೇನೆ.

ಹದಿನಾಲ್ಕು ವರ್ಷ ಕಳೆದು, ಕೆಲವು ತಿಂಗಳ ಹಿಂದೆ, ಹೆಗ್ಗದ್ದೆಗೆ ಹೋದೆ. ದ್ಯಾವಮ್ಮ ಎಸ್ಟೇಟಿನ ಆಳುಗಳ ಲೈನ್ ಮನೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬಯ್ಯಬಹುದು, ಅಳಬಹುದು, ಮೊರದಲ್ಲಿ ಹೊಡೆಯಲೂಬಹುದು ಎಂದು ಎಲ್ಲಕ್ಕೂ ಮೊದಲೇ ಹೆದರಿಟ್ಟುಕೊಂಡಿದ್ದೆ. ಅವಳು ಕಣ್ಣನ್ನೂ ಎತ್ತಲಿಲ್ಲ.

‘ಇದ್ನ ನಂಗ್ಯಾಕೆ ಹೇಳ್ತೀರಿ ಗುಮಾಸ್ತ್ರೇ? ನಾ ಕದ್ದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳಿ ಹೋಗಿ.’

ಕ್ಷಮೆಯೂ ಇಲ್ಲ, ಶಾಪವೂ ಇಲ್ಲ. ಕೆಲಸ ಹೇಳಿದಳು. ಹದಿನಾಲ್ಕು ವರ್ಷ ನಾನು ತಲೆ ಕೆಡಿಸಿಕೊಂಡು ಕಾಣದಿದ್ದುದನ್ನು, ಕಲ್ಲು ಆರಿಸುತ್ತಲೇ...

ಅವತ್ತು ನೆರೆದಿದ್ದವರ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ‘ಹಳೇ ಕತೆ, ಬುಡು ಮಾರಾಯ’ ಎನ್ನುತ್ತಾರೆ. ಪೂರ್ತಿ ಹೇಳಿಯೇ ಏಳುತ್ತೇನೆ. ಹೆಗ್ಗದ್ದೆಯಲ್ಲಿ ಅವಳನ್ನು ಒಳಗೆ ಬಿಡದ ಮನೆಗಳಿಗೂ ಹೋಗಲಿಕ್ಕಿದೆ. ನಾನು ತಲುಪಲಾಗದವರಿಗೆ ಇದು ತಲುಪಲಿ ಎಂದು ಬರೆದಿದ್ದೇನೆ.

ಮೊದಲು ಹೋದದ್ದು ಪಾಳ್ಯಕ್ಕೆ. ಗೌಡರ ಮಗ ಕೂರಿಸಿ ಕಾಫಿ ಕೊಟ್ಟ. ಅಪ್ಪ ತೀರಿಹೋಗಿ ಎರಡು ವರ್ಷವಾಯಿತು ಎಂದ.

‘ಆ ದ್ಯಾವಮ್ಮನ್ನ ಕೊನೆಗಾಲದಲ್ಲೂ ನೆನೆಸ್ಕಳೋರು ಕಣ್ರೀ. ಅಷ್ಟು ನಂಬಿದ್ದೆ, ಹಿಂಗೆ ಮಾಡ್ಬುಟ್ಳಲ್ಲ ಅನ್ನೋರು.’

ಮಗನಿಗೆ ಎಲ್ಲವನ್ನೂ ಹೇಳಿದೆ. ಗೌಡರಿಗೆ ಹೇಳಲಾಗಲಿಲ್ಲ.